ಓದುಗರ ಪ್ರಶ್ನೆ: ದೆವ್ವದ ಟ್ರೇಲರ್ ನೋಡಿ ಮಂದಿ ನಗ್ತಾರಲ್ರಿ!

ಪ್ರಶ್ನೆ: ಹಳೇ ಬಾಗಲಕೋಟೆಯ ಮುಳುಗಡೆ ಮನಿಗಳ ಹಿನ್ನೆಲೆಯಾಗ 20 ನಿಮಿಷದ ಹಾರರ್ ಕಿರುಚಿತ್ರ ಮಾಡೇವ್ರಿ. ಟ್ರೇಲರ್ ಒಂದೂವರೆ ನಿಮಿಷ ಐತಿ. ದೆವ್ವ ಬರೂ ಹೊತ್ತಿಗೆ ಮಂದಿ ಹೆದರೂದು ಬಿಟ್ಟು ನಗ್ತಾರ. ಸೌಂಡ್ ಇನ್ನೂ ಜೋರು ಮಾಡಬೇಕೇನ್ರಿ?
– ಓದುಗ, ಬಾಗಲಕೋಟೆ

ಉತ್ತರ: ಜೋರು ಮಾಡುವುದು ಬೇಡ, ಅದಕ್ಕೂ ಮುಂಚಿನ ಸದ್ದನ್ನು ಇಳಿಸಿ. ಮೊದಲ ಸೆಕೆಂಡಿನಿಂದಲೇ ಡ್ರಮ್ಮು, ಕಿರುಚಾಟ ತುಂಬಿದ್ದರೆ ಕಿವಿ ಒಗ್ಗಿಬಿಟ್ಟಿರುತ್ತದೆ. ಕೊನೆಗೆ ಬರುವ 'ಧಡ್' ಲೆಕ್ಕಕ್ಕೇ ಬರುವುದಿಲ್ಲ. ದೆವ್ವ ಕಾಣಿಸುವ ನಾಲ್ಕೈದು ಸೆಕೆಂಡು ಮೊದಲೇ ಸಂಗೀತ ತೆಗೆಯಿರಿ. ಹಾಗಂತ ಅಷ್ಟೂ ಹೊತ್ತು ಪೂರ್ತಿ ನಿಶ್ಶಬ್ದ ಮಾಡಿದರೆ, ಫೋನಿನಲ್ಲಿ ನೋಡುವವರು ವಿಡಿಯೊ ನಿಂತಿತು ಅಂದುಕೊಂಡು ಪರದೆ ಒತ್ತುತ್ತಾರೆ. ಜೀರುಂಡೆ, ಪಾತ್ರದ ಉಸಿರು ಉಳಿಯಲಿ. ಕೊನೆಯ ಅರ್ಧ ಸೆಕೆಂಡು ಮಾತ್ರ ಅವೂ ನಿಲ್ಲಲಿ.

ನಗು ಬರುವುದು ಹೆಚ್ಚಾಗಿ ಸದ್ದು ಮುಖಕ್ಕಿಂತ ಹಿಂದೆ ಬಿದ್ದಾಗ. ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರ) ಅಂದರೆ ಒಂದು ಫ್ರೇಮಿಗೆ ಸುಮಾರು 42 ಮಿಲಿಸೆಕೆಂಡ್. ಮುಖ ಕಂಡ ಫ್ರೇಮಿಗೇ ಸದ್ದು ಬೀಳಬೇಕು. ನಾಲ್ಕು ಫ್ರೇಮ್ ತಡವಾದರೆ ಬೆಚ್ಚುವ ಗಳಿಗೆ ದಾಟಿತು. ಮುಖವನ್ನು ಬಹಳ ಹೊತ್ತು ತೋರಿಸಿದರೂ ಅದೇ ಪಾಡು. 10–12 ಫ್ರೇಮ್ ಸಾಕು. ಎರಡು ಸೆಕೆಂಡು ನಿಲ್ಲಿಸಿದರೆ ಪೌಡರು, ವಿಗ್ಗಿನ ಅಂಚು ಎಲ್ಲ ಬಯಲಾಗುತ್ತವೆ. ತಕ್ಷಣ ಪರದೆ ಕಪ್ಪಾಗಲಿ, ಸದ್ದಿನ ಬಾಲ ಮಾತ್ರ ಇನ್ನೊಂದು ಸೆಕೆಂಡು ಎಳೆಯಲಿ.

ಕಪಾಟಿನ ಕನ್ನಡಿ ಬಾಗಿಲು ಮುಚ್ಚಿದಾಗ ಹಿಂದೆ ಯಾರೋ ನಿಂತಿರುವುದು, ಹೆಗಲ ಮೇಲೆ ಕೈ ಬಿದ್ದು ತಿರುಗಿದರೆ ಗೆಳೆಯ, 'ಆ ಕಡೆ ಹೋಗಬ್ಯಾಡ್ರಿ' ಎನ್ನುವ ಮುದುಕ, ಶೀರ್ಷಿಕೆ ಬಂದಮೇಲೂ ಇನ್ನೊಂದು ಧಡ್ – ಇವೆಲ್ಲ ನೋಡುಗರಿಗೆ ಬಾಯಿಪಾಠ. ಬಿಡಬೇಕಿಲ್ಲ, ಹೊತ್ತು ತಪ್ಪಿಸಿ. ಕನ್ನಡಿಯಲ್ಲಿ ಏನೂ ಕಾಣದಿರಲಿ. ಪಾತ್ರ ನಿಟ್ಟುಸಿರು ಬಿಟ್ಟು ಎರಡು ಹೆಜ್ಜೆ ನಡೆದಮೇಲೆ ದೆವ್ವ ಬರಲಿ. ದೊಡ್ಡ ಬೆಚ್ಚು ಒಂದು, ಶೀರ್ಷಿಕೆಯ ನಂತರ ಒಂದು. ಒಂದೂವರೆ ನಿಮಿಷಕ್ಕೆ ಮೂರನೆಯದು ದಂಡ. ಮೊದಲ 25–30 ಸೆಕೆಂಡು ಆ ಮನೆಯ ದಿನನಿತ್ಯಕ್ಕೇ ಕೊಡಿ: ನೀರು ತುಂಬುವುದು, ರೊಟ್ಟಿ ಬಡಿಯುವುದು. ಆಮೇಲೆ ನಡುರಾತ್ರಿ ಖಾಲಿ ಅಡುಗೆಮನೆಯಿಂದ ಅದೇ ರೊಟ್ಟಿ ಬಡಿಯುವ ಸದ್ದು ಕೇಳಿಸಿದರೆ ದೆವ್ವದ ಮುಖವೇ ಬೇಡವಾದೀತು!

ಪ್ರಶ್ನೆ: ಕಂಪ್ಯೂಟರಿನಾಗ ಎದಿ ನಡುಗಸೂ ಸೌಂಡು ಮೊಬೈಲಿನಾಗ ಕೇಳೂದ ಇಲ್ಲ. ಯಾಕ್ರಿ?
– ಓದುಗ, ಇಂಡಿ

ಉತ್ತರ: ನಿಮ್ಮ 'ಧಡ್' 40–50 ಹರ್ಟ್ಸಿನಲ್ಲಿದ್ದರೆ ಫೋನಿನ ಪುಟ್ಟ ಸ್ಪೀಕರಿಗೆ ಅದು ನಿಲುಕದು. ಅದೇ ಸದ್ದಿಗೆ ಸ್ಯಾಚುರೇಶನ್ (ಸದ್ದನ್ನು ತುಸು ಒಡೆದು ಮೇಲಿನ ಸ್ವರಗಳನ್ನು ಹುಟ್ಟಿಸುವ ಎಫೆಕ್ಟ್) ಕೊಟ್ಟು 150–300 ಹರ್ಟ್ಸಿನ ಪದರವೊಂದನ್ನು ಸೇರಿಸಿ. ವಾಡೆಯ ಬಾಗಿಲ ತಿರುಗಣಿಯನ್ನೋ ಬಾವಿಯ ಗಡಗಡಿಯನ್ನೋ ರೆಕಾರ್ಡ್ ಮಾಡಿ ಅರ್ಧ ವೇಗಕ್ಕೆ ಇಳಿಸಿದರೆ ಸ್ವರ ಒಂದು ಸ್ಥಾಯಿ (ಆಕ್ಟೇವ್) ಕೆಳಗೆ ಬರುತ್ತದೆ. ಕೊಂಡ ಸೌಂಡ್ ಪ್ಯಾಕಿಗಿಂತ ಅದೇ ವಾಸಿ. ಇಡೀ ಟ್ರೇಲರನ್ನು ಕಂಪ್ರೆಸರಿನಲ್ಲಿ (ಜೋರು, ಮೆಲು ಸದ್ದುಗಳ ಅಂತರ ಕುಗ್ಗಿಸುವ ಸಾಧನ) ಹಿಂಡಿ ಜೋರು ಮಾಡಬೇಡಿ. ಯೂಟ್ಯೂಬ್ ಸುಮಾರು –14 ಲಫ್ಸ್‌ಗಿಂತ (LUFS, ಸದ್ದಿನ ಜೋರಿನ ಅಳತೆ) ಜೋರಾದದ್ದನ್ನು ತಾನೇ ಇಳಿಸುತ್ತದೆ. ಮೌನಕ್ಕೂ ಅಬ್ಬರಕ್ಕೂ ಇದ್ದ ಅಂತರ ಮೊದಲೇ ಹೋಗಿರುತ್ತದೆ, ಕೊನೆಗೆ ಜೋರೂ ಉಳಿಯದು.

ಪ್ರಶ್ನೆ: ದೆವ್ವದ ದನಿ ಗೋಳಗುಮ್ಮಟದಾಗ ರೆಕಾರ್ಡ್ ಮಾಡಿದ್ರ ಹೆಂಗ?
– ಓದುಗರು, ವಿಜಯಪುರ

ಉತ್ತರ: ಅದು ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕ, ಚಿತ್ರೀಕರಣಕ್ಕೆ ಅನುಮತಿ ಬೇಕು. ಅನುಮತಿ ಸಿಕ್ಕರೂ ಪಿಸುಗ್ಯಾಲರಿಯಲ್ಲಿ (ಪಿಸುಮಾತೂ ಪ್ರತಿಧ್ವನಿಸುವ, ಗುಮ್ಮಟದ ಒಳಸುತ್ತಿನ ಮೊಗಸಾಲೆ) ಪ್ರವಾಸಿಗರ ಸಿಳ್ಳೆ, ಕೂಗು ಎಲ್ಲ ಏಳೆಂಟು ಸಲ ನಿಮ್ಮ ಮೈಕಿಗೇ ಬಂದು ಬೀಳುತ್ತವೆ. ಸಣ್ಣ ಕೋಣೆಯಲ್ಲಿ ಗೋಡೆಗೆ ಕೌದಿ ತೂಗಿಬಿಟ್ಟು, ಮೈಕು ಬಾಯಿಂದ ಒಂದು ಗೇಣು ದೂರವಿಟ್ಟು ದನಿ ತೆಗೆದುಕೊಳ್ಳಿ. ಆ ಕ್ಲಿಪ್ಪನ್ನು ಹಿಂದುಮುಂದಾಗಿಸಿ, 4–5 ಸೆಕೆಂಡಿನ ರಿವರ್ಬ್ (ದೊಡ್ಡ ಕೋಣೆಯ ಗುಂಗು) ಹಾಕಿ ರೆಂಡರ್ ಮಾಡಿ (ಹೊಸ ಕ್ಲಿಪ್ಪಾಗಿ ಉಳಿಸಿ), ಮತ್ತೆ ಹಿಂದುಮುಂದಾಗಿಸಿ. ಮಾತಿಗಿಂತ ಮೊದಲೇ ಅದರ ಗುಂಗು ಏರಿ ಬರುತ್ತದೆ. ರೆಂಡರ್ ಮಾಡುವಾಗ ಕ್ಲಿಪ್ಪಿನ ಕೊನೆಗೆ ಐದು ಸೆಕೆಂಡು ಖಾಲಿ ಬಿಡದಿದ್ದರೆ ಆ ಗುಂಗೇ ಕತ್ತರಿಸಿಹೋಗುತ್ತದೆ.

ಪ್ರಶ್ನೆ: ಹಳೇ ಸಿನಿಮಾ ಹಾಡನ್ನ ನಿಧಾನ ಮಾಡಿ ಬಳಸಬಹುದೇನ್ರಿ? ಎಲ್ಲಾ ಹಾರರ್ ಟ್ರೇಲರಿನಾಗೂ ಇರ್ತದಲ್ಲ.
– ಓದುಗಳು, ಗೋಕಾಕ

ಉತ್ತರ: ನಿಧಾನ ಮಾಡಿದರೂ ಹಕ್ಕು ಹಕ್ಕೇ. ಧ್ವನಿಮುದ್ರಣದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. ಸಾಹಿತ್ಯ, ಸಂಗೀತದ್ದು ಬರೆದವರು, ಕಟ್ಟಿದವರು ತೀರಿಕೊಂಡ ಮೇಲೂ 60 ವರ್ಷ. ಮಗುವಿನಿಂದ ಹೊಸದಾಗಿ ಹಾಡಿಸಿದರೆ ಮೊದಲನೆಯದು ತಪ್ಪುತ್ತದೆ, ಎರಡನೆಯದು ತಪ್ಪುವುದಿಲ್ಲ. ಕರ್ತೃ ಯಾರೆಂದು ಗೊತ್ತಿಲ್ಲದ, ತಲೆಮಾರುಗಳಿಂದ ಬಂದ ಜೋಗುಳ ಆರಿಸಿಕೊಂಡು ಮನೆಯ ಹಿರಿಯರ ದನಿಯಲ್ಲಿ ನೀವೇ ರೆಕಾರ್ಡ್ ಮಾಡಿ. ಕ್ಯಾಸೆಟ್ಟಿನಿಂದ ಎತ್ತಬೇಡಿ, ಆ ಮುದ್ರಣಕ್ಕೆ ಬೇರೆ ಮಾಲೀಕರಿರುತ್ತಾರೆ.