ಬೈಕ್ ಕಲಿಯಲು ಹೆದರಿದ ಮೇಷ್ಟ್ರು

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.)

ಮಂಜುನಾಥ್ ಪ್ರೌಢಶಾಲೆ ಶಿಕ್ಷಕರು. ವಯಸ್ಸು 41. ಬಯಲುಸೀಮೆಯಿಂದ ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಗೆ ವರ್ಗವಾಗಿ ಬಂದಿದ್ದರು. ಅಲ್ಲಿಗೆ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು. ಸಾಲ ಮಾಡಿ 125 ಸಿಸಿ ಬೈಕ್ ತೆಗೆದುಕೊಂಡರು, ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾಡಿಸಿದರು. ಗಾಡಿ ಮಾತ್ರ ಶೆಡ್ಡಿನಲ್ಲೇ ನಿಂತಿತ್ತು. "ಮೇಡಂ, ಗಂಡಸಾಗಿ ಇದನ್ನ ಹೇಳಿಕೊಳ್ಳೋಕೇ ನಾಚಿಕೆ ಆಗುತ್ತೆ" ಎಂದೇ ಅವರು ಆಪ್ತಸಮಾಲೋಚನೆಗೆ ನನ್ನ ಬಳಿ ಬಂದಾಗ ಮಾತು ಶುರು ಮಾಡಿದ್ದು.

ಆಗಿದ್ದು ಇಷ್ಟು. ಬಾಮೈದ ಹಿಂದೆ ಕೂತು "ಕ್ಲಚ್ ಬಿಡಿ ಭಾವ, ಬಿಡಿ, ಬಿಡಿ" ಎಂದು ಕೂಗಿದ್ದ. ಇವರು ಒಮ್ಮೆಲೇ ಬಿಟ್ಟರು. ಗಾಡಿ ಜಿಗಿದು, ಆಫ್ ಆಗಿ, ಟೀ ಅಂಗಡಿ ಮುಂದೆ ವಾಲಿ ಬಿತ್ತು. ಮೊಣಕಾಲು ತರಚಿತು, ಅಷ್ಟೇ. ಅಲ್ಲಿದ್ದವರು ನಕ್ಕರು. ಅದರಲ್ಲಿ ಇವರದೇ ಶಾಲೆಯ ಹುಡುಗರೂ ಇದ್ದರು. ಅಂದಿನಿಂದ ಸೆಲ್ಫ್ ಒತ್ತಿದರೆ ಸಾಕು, ಎದೆ ಹೊಡೆದುಕೊಳ್ಳುತ್ತಿತ್ತು, ಅಂಗೈ ಬೆವರುತ್ತಿತ್ತು.

ನಿದ್ದೆ ಕೆಡುವುದು, ಬಿದ್ದ ದೃಶ್ಯ ಬೇಡವೆಂದರೂ ಕಣ್ಣಮುಂದೆ ಬರುವುದು ಇದೆಯೇ ಎಂದು ಕೇಳಿದೆ. ಇರಲಿಲ್ಲ. ಇದ್ದಿದ್ದರೆ ಮನೋವೈದ್ಯರ ಬಳಿ ಕಳಿಸುತ್ತಿದ್ದೆ. ಅಪಘಾತವಾದ ಮೇಲೆ ಹಾಗಾಗುತ್ತಿರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೂ ಕರೆ ಮಾಡಬಹುದು, ಅದು ಉಚಿತ.

"ನಿಮಗೆ ಭಯ ಬೀಳೋದರದ್ದಾ, ನಗೋರದ್ದಾ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬಿದ್ದಿದ್ದು ಮರೆತು ಹೋಗಿದೆ ಮೇಡಂ. ನಗು ಮರೆತಿಲ್ಲ."

ಅವರಲ್ಲಿ ಎರಡು ವಿಷಯ ಗಂಟಾಗಿದ್ದವು. ಒಂದು ಅವಮಾನ. ಇನ್ನೊಂದು, ಕ್ಲಚ್ ನಿಜವಾಗಿಯೂ ಬಾರದಿರುವುದು. ಕ್ಲಚ್ ಬಾರದವರು ಹೆದರುವುದು ಸರಿಯೇ ಅಲ್ವಾ? "ಧೈರ್ಯ ಮಾಡಿ ಮೇಷ್ಟ್ರೇ" ಎಂದು ಎಲ್ಲರೂ ಹೇಳುತ್ತಿದ್ದರು. ಕೈಗೆ ಕೆಲಸ ಬಾರದೆ ಧೈರ್ಯ ಎಲ್ಲಿಂದ ಬರಬೇಕು?

ಭಯದಲ್ಲಿ ದೇಹ ಏನು ಮಾಡುತ್ತದೆ ಎಂದು ವಿವರಿಸಿದೆ. ಮುಷ್ಟಿ ಬಿಗಿಯಾಗುತ್ತದೆ. ಬಲಗೈ ಬಿಗಿದರೆ ಆಕ್ಸಿಲರೇಟರ್ ತಾನಾಗಿ ತಿರುಗಬಹುದು, ಇಲ್ಲವೇ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದುಕೊಳ್ಳಬಹುದು. ಜಲ್ಲಿಯ ಮೇಲೆ ಹಾಗಾದರೆ ಮುಂದಿನ ಚಕ್ರ ಜಾರುತ್ತದೆ. ಕಣ್ಣು ಗುಂಡಿಯ ಮೇಲೇ ನೆಟ್ಟರೆ ಗಾಡಿ ಗುಂಡಿಗೇ ಹೋಗುತ್ತದೆ. "ನನಗೆ ಬೈಕ್ ಒಗ್ಗಲ್ಲ ಅಂದುಕೊಂಡಿದ್ದೆ" ಎಂದರು. ಕಾರಣ ತಿಳಿದು ಅವರ ಮುಖ ಹಗುರಾಯಿತು.

ಮೊದಲ ಸಲಹೆ, ಭಾನುವಾರ ಬೆಳಿಗ್ಗೆ ಶಾಲೆ ಮೈದಾನ. ಹಿಂದೆ ಯಾರೂ ಕೂರಬಾರದು. ಬಾಮೈದ ಕಟ್ಟೆ ಮೇಲೆ ಕೂರಲಿ, ಗಾಡಿ ನಿಂತ ಮೇಲೆ ಮಾತಾಡಲಿ. ಇದನ್ನು ಅವನಿಗೆ ಹೇಳುವುದೇ ಇವರಿಗೆ ಕಷ್ಟವಾಗಿತ್ತು. ಹಾಗಾಗಿ "ನಾನು ನಿಲ್ಲಿಸಿದ ಮೇಲೆ ಹೇಳಪ್ಪ" ಎನ್ನುವುದನ್ನು ನನ್ನೆದುರೇ ಹೇಳಿ ರೂಢಿ ಮಾಡಿಸಿದೆ.

ಶುರುವಿನಲ್ಲಿ ಇಂಜಿನ್ ಆಫ್. ಗಾಡಿ ತಳ್ಳಿ ಅದರ ಭಾರ ತಿಳಿಯುವುದು. ಆಮೇಲೆ ಒಂದನೇ ಗೇರ್, ಆಕ್ಸಿಲರೇಟರ್ ಮುಟ್ಟದೆ ಹಾಫ್ ಕ್ಲಚ್‌ನಲ್ಲಿ, ಅಂದರೆ ಕ್ಲಚ್ ಅರ್ಧ ಮಾತ್ರ ಬಿಟ್ಟು, ನಿಧಾನಕ್ಕೆ ಚಲಿಸುವುದು, ಎರಡೂ ಕಾಲು ನೆಲಕ್ಕೆ ತಾಗುವಂತೆ. ಅದು ಬಂದ ಮೇಲೆ ಎರಡೂ ಬ್ರೇಕ್ ಮೆಲ್ಲಗೆ ಒಟ್ಟಿಗೆ ಹಿಡಿದು ನಿಲ್ಲಿಸುವುದು. 8ರ ಆಕಾರದಲ್ಲಿ ಗಾಡಿ ಓಡಿಸುವುದು ಕೊನೆಗೆ. ಪ್ರತಿ ಹಂತದಲ್ಲೂ ಭಯಕ್ಕೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡಬೇಕು. ಅಂಕ ಇಳಿಯುವವರೆಗೆ ಅದೇ ಹಂತ. ಭಯ ಜಾಸ್ತಿ ಇರುವಾಗಲೇ ಬಿಟ್ಟು ಬಂದರೆ, ಬಿಟ್ಟಿದ್ದಕ್ಕೇ ಬಚಾವಾದೆ ಎಂದು ಮನಸ್ಸು ಕಲಿಯುತ್ತದೆ. ಆದ್ದರಿಂದ ಒಂದು ಹಂತ ಕೆಳಗಿಳಿದು, ಬರುವ ಕೆಲಸವನ್ನು ಮಾಡಿಯೇ ಮುಗಿಸಬೇಕು.

ಅವರಿಗೆ ಬೆರಗಾಗಿದ್ದು ಇನ್ನೊಂದು ಸಲಹೆ. ಬೇಕೆಂದೇ ಗಾಡಿ ಆಫ್ ಮಾಡಿ ಎಂದೆ, ಬಾಮೈದನ ಎದುರೇ, ಮತ್ತೆ ಮತ್ತೆ. ಆಫ್ ಆದಾಗ ಕ್ಲಚ್ ಹಿಡಿ, ಕಾಲೂರು, ಉಸಿರು ಬಿಡು, ನ್ಯೂಟ್ರಲ್ ಮಾಡು, ಸೆಲ್ಫ್ ಒತ್ತು. ಮುಂದೆ ರಸ್ತೆಯಲ್ಲಿ ಆಫ್ ಆದರೂ ಹಿಂದಿನವರ ಹಾರ್ನ್‌ಗೆ ಉತ್ತರ ಕೊಡಬೇಕಿಲ್ಲ. ಈ ಅಭ್ಯಾಸ ಅವರ ನಾಚಿಕೆಯನ್ನು ಕರಗಿಸಿದಷ್ಟು ಬೇರಾವುದೂ ಕರಗಿಸಲಿಲ್ಲ.

ಅವಸರ ಬೇಡ ಎಂದೂ ಹೇಳಿದೆ. ಎಲ್‌ಎಲ್‌ಆರ್ 6 ತಿಂಗಳು ಚಾಲ್ತಿಯಲ್ಲಿರುತ್ತದೆ. 30 ದಿನ ಕಳೆದ ಮೇಲೆ ಟೆಸ್ಟ್ ಕೊಡಬಹುದು ಅಷ್ಟೇ, ಆಗಲೇ ಕೊಡಬೇಕೆಂದಿಲ್ಲ. ಡಿಎಲ್ ಬರುವವರೆಗೆ ಮಗಳನ್ನು ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಎಲ್‌ಎಲ್‌ಆರ್‌ನಲ್ಲಿ ಕಲಿಸುವವರನ್ನು ಬಿಟ್ಟು ಬೇರೆಯವರು ಕೂರಬಾರದು. ಐಎಸ್‌ಐ ಗುರುತಿನ ಹೆಲ್ಮೆಟ್, ಅದರ ಬೆಲ್ಟ್ ಹಾಕಿಕೊಂಡೇ, ಮೈದಾನದಲ್ಲೂ.

ದೀಪಾವಳಿ ಹೊತ್ತಿಗೆ ನನ್ನ ಬಳಿ ಬಂದವರು ಬೇಸಿಗೆ ರಜೆಗೆ ಮುಂಚೆ ಡಿಎಲ್ ಪಡೆದರು. ಈಗ ಶಾಲೆಗೆ ಬೈಕಿನಲ್ಲೇ ಹೋಗುತ್ತಾರೆ. ಇಳಿಜಾರಿನಲ್ಲಿ ಕ್ಲಚ್ ಹಿಡಿಯದೆ ಗೇರ್‌ನಲ್ಲೇ ಇಳಿಯುತ್ತಾರೆ. ತಿರುವಿಗೆ ಮುಂಚೆಯೇ ವೇಗ ತಗ್ಗಿಸುತ್ತಾರೆ. ಜೋರು ಮಳೆಯ ದಿನ ಬಸ್ಸು ಹತ್ತುತ್ತಾರೆ. "ಇದು ಹೇಡಿತನವಾ ಮೇಡಂ?" ಎಂದು ಕೇಳಿದರು. ಅಲ್ಲ, ರಸ್ತೆ ನೋಡಿ ತೀರ್ಮಾನ ಮಾಡುವುದೂ ಸವಾರಿಯ ಭಾಗವೇ ಎಂದೆ. ಹೆಂಡತಿಯನ್ನು ಕೂರಿಸಿಕೊಂಡು ಪೇಟೆಗೆ ಹೋಗುವುದು ಮುಂದಿನ ಹಂತ. ಅದಕ್ಕೆ ಅವರು ಕೊಟ್ಟಿರುವ ಅಂಕ ಸದ್ಯಕ್ಕೆ ಆರು. ಮೊದಲು ಅದೇ ಮೈದಾನದಲ್ಲಿ ಇಬ್ಬರೂ ಸುತ್ತು ಹಾಕಲಿ ಎಂದು ಹೇಳಿದ್ದೇನೆ.