ಎಸ್‌ಎಲ್‌ಆರ್ ಮರೆಯಾದದ್ದೇಕೆ?

ಪ್ರಶ್ನೆ: ಸೇನೆಯಿಂದ ನಿವೃತ್ತರಾದ ನನ್ನ ತಂದೆಯವರು ಇಂದಿಗೂ ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್, ಅಂದರೆ ಗುಂಡನ್ನು ತಾನೇ ತುಂಬಿಕೊಳ್ಳುವ ರೈಫಲ್) ಅನ್ನು ಹೊಗಳುತ್ತಾರೆ. ಅಷ್ಟು ನಂಬಿಕಸ್ತ ಬಂದೂಕನ್ನು ತಾವು ಮತ್ತೆ ಹಿಡಿಯಲಿಲ್ಲ ಎನ್ನುತ್ತಾರೆ. ಹಾಗಿದ್ದರೆ ಅದನ್ನು ಕೈಬಿಟ್ಟದ್ದೇಕೆ? ಒಂದು ಕಾಲಕ್ಕೆ ಎಲ್ಲರಿಗೂ ಬೇಕಾಗಿದ್ದ ರೈಫಲ್ ಇನ್ನೊಂದು ಕಾಲಕ್ಕೆ ಬೇಡವಾಗುವುದು ಹೇಗೆ?
– ಓದುಗರು, ಮಡಿಕೇರಿ

ಉತ್ತರ: ನಿಮ್ಮ ತಂದೆಯವರ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. 1962ರ ಯುದ್ಧದಲ್ಲಿ ನಮ್ಮ ಸೈನಿಕರಲ್ಲಿ ಬಹುಪಾಲು ಜನ ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕಾದ .303 ರೈಫಲಿನಲ್ಲೇ ಹೋರಾಡಿದ್ದರು. ಆ ಬಳಿಕ ಇಶಾಪುರದ ಕಾರ್ಖಾನೆಯಿಂದ ಬಂದ 1ಎ1 ಎಸ್‌ಎಲ್‌ಆರ್‌ನಲ್ಲಿ ಸಿಡಿದ ಗುಂಡಿನ ಅನಿಲವೇ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿ, ಖಾಲಿ ತೋಟಾವನ್ನು ಹೊರಹಾಕಿ, ಇಪ್ಪತ್ತು ಗುಂಡುಗಳ ಮ್ಯಾಗಜೀನಿನಿಂದ ಮುಂದಿನದನ್ನು ತುಂಬಿಕೊಡುತ್ತಿತ್ತು. ಸೈನಿಕನು ಗುರಿಯಿಂದ ಕಣ್ಣು ತೆಗೆಯದೆ ಮತ್ತೆ ಟ್ರಿಗರ್ ಒತ್ತಿದರೆ ಸಾಕಾಗಿತ್ತು. ಹಳೆಯ ರೈಫಲ್ ಹಿಡಿದಿದ್ದವರಿಗೆ ಇದು ಎಷ್ಟು ದೊಡ್ಡ ಧೈರ್ಯವಾಗಿತ್ತೆಂಬುದನ್ನು ಇಂದು ಊಹಿಸುವುದೂ ಕಷ್ಟ.

ಇದರ ಮೂಲ ಬೆಲ್ಜಿಯಂನ ಎಫ್‌ಎನ್ ಕಂಪನಿಯ ಫಾಲ್ ರೈಫಲ್. ವಿನ್ಯಾಸಕಾರ ಡಿಯುಡೊನೆ ಸೇವ್. ಅವರು ಮೊದಲಿಗೆ ಇದನ್ನು ಯೋಚಿಸಿದ್ದು ಸಣ್ಣ, ಮಧ್ಯಮ ಶಕ್ತಿಯ ತೋಟಾಗಳಿಗಾಗಿ. ಆದರೆ ಅಮೆರಿಕದ ಒತ್ತಾಯದಿಂದ ನ್ಯಾಟೊ ರಾಷ್ಟ್ರಗಳು ಬಲವಾದ 7.62×51 ಮಿ.ಮೀ. (ಗುಂಡಿನ ಅಡ್ಡಳತೆ 7.62, ತೋಟಾದ ಕವಚದ ಉದ್ದ 51) ತೋಟಾವನ್ನು ಒಪ್ಪಿಕೊಂಡಿದ್ದರಿಂದ ರೈಫಲನ್ನೂ ಅದಕ್ಕೆ ತಕ್ಕಂತೆ ಹಿಗ್ಗಿಸಬೇಕಾಯಿತು. ಫಾಲ್‌ನ ಮುಂದಿನ ಏಳುಬೀಳುಗಳಿಗೆಲ್ಲ ಈ ಒಂದು ನಿರ್ಧಾರವೇ ಬುನಾದಿ ಎಂದು ನಾನು ತಿಳಿಯುತ್ತೇನೆ.

ವಿಚಿತ್ರವೆಂದರೆ, ಹಟ ಹಿಡಿದು ತೋಟಾವನ್ನು ಒಪ್ಪಿಸಿದ ಅಮೆರಿಕವೇ ಪರೀಕ್ಷೆಗಳ ನಂತರ ಫಾಲ್ ಅನ್ನು ಬಿಟ್ಟು 1957ರಲ್ಲಿ ತನ್ನದೇ ಆದ ಎಂ14 ಅನ್ನು ಆರಿಸಿಕೊಂಡಿತು. ಜರ್ಮನಿಯ ಕಥೆ ಇನ್ನೂ ಬೋಧಪ್ರದವಾದದ್ದು. ಅದು ಫಾಲ್ ಅನ್ನು ಕೊಂಡು, ಮೆಚ್ಚಿ, ತನ್ನ ನೆಲದಲ್ಲೇ ತಯಾರಿಸಲು ಪರವಾನಗಿ ಕೇಳಿತು; ಬೆಲ್ಜಿಯಂ ಒಪ್ಪಲಿಲ್ಲ. ಆಗ ಜರ್ಮನಿ ಸ್ಪೇನಿನ ಸೆಟ್ಮೆ ರೈಫಲಿನ ಆಧಾರದ ಮೇಲೆ ಜಿ3 ಅನ್ನು ಸಿದ್ಧಪಡಿಸಿಕೊಂಡಿತು. ಫಾಲ್‌ನ ಮೈಯನ್ನು ಉಕ್ಕಿನ ಗಟ್ಟಿಯಿಂದ ಕೊರೆದು ತೆಗೆಯಬೇಕಾಗಿದ್ದರೆ, ಜಿ3ಯದು ಅಚ್ಚೊತ್ತಿದ ತಗಡಿನ ಮೈ. ತಯಾರಿಕೆ ಸುಲಭ, ಖರ್ಚು ಕಡಿಮೆ. ಹೀಗೆ ಫಾಲ್‌ನ ಅತಿ ದೊಡ್ಡ ಪ್ರತಿಸ್ಪರ್ಧಿ ಹುಟ್ಟಿದ್ದು ಒಂದು ನಿರಾಕರಣೆಯಿಂದ. ಆದರೂ ತೊಂಬತ್ತಕ್ಕೂ ಹೆಚ್ಚು ದೇಶಗಳು ಫಾಲ್ ಅನ್ನು ಬಳಸಿದವು. 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಂತೂ ಬ್ರಿಟನ್ ಮತ್ತು ಅರ್ಜೆಂಟೀನಾ ಎರಡೂ ಕಡೆಯ ಸೈನಿಕರ ಕೈಯಲ್ಲಿದ್ದದ್ದು ಇದೇ ರೈಫಲಿನ ಎರಡು ರೂಪಗಳು.

ಅದು ಹಿಂದೆ ಸರಿದದ್ದು ಕೆಟ್ಟುಹೋಗಿ ಅಲ್ಲ. ಇಸ್ರೇಲಿನ ಮರಳಿನಲ್ಲಿ ತೊಂದರೆ ಕೊಟ್ಟದ್ದು ನಿಜ. ಆದರೆ ಮುಖ್ಯ ಕಾರಣ ಭಾರ. ಫಾಲ್ ಖಾಲಿಯಿದ್ದಾಗಲೇ ನಾಲ್ಕು ಕಿಲೋ ಮೀರುತ್ತದೆ. 7.62ರ ಒಂದು ತೋಟಾ ಸುಮಾರು 24 ಗ್ರಾಂ ತೂಗಿದರೆ, ಅದಕ್ಕಿಂತ ಸಣ್ಣದಾದ 5.56 ಮಿ.ಮೀ. ತೋಟಾ ಅದರ ಅರ್ಧದಷ್ಟು. ಅಮೆರಿಕದ ವಿನ್ಯಾಸಕಾರ ಯೂಜೀನ್ ಸ್ಟೋನರ್ ಅವರ ವಿನ್ಯಾಸದಿಂದ ಬಂದ, ಈ ಸಣ್ಣ ತೋಟಾ ಬಳಸುವ ಹಗುರವಾದ ಎಂ16 ರೈಫಲ್, ವಿಯೆಟ್ನಾಂ ಯುದ್ಧದ ವೇಳೆಗೆ ಎಂ14ರ ಸ್ಥಾನವನ್ನೇ ಕಿತ್ತುಕೊಂಡಿತು. ಅಷ್ಟೇ ಭಾರದಲ್ಲಿ ಎರಡು ಪಟ್ಟು ಗುಂಡು ಒಯ್ಯಬಹುದೆಂದ ಮೇಲೆ ಯಾವ ಸೇನೆ ತಾನೇ ಹಳೆಯದಕ್ಕೆ ಅಂಟಿಕೊಂಡೀತು? ಬ್ರಿಟನ್ 1980ರ ದಶಕದಲ್ಲಿ ಬದಲಾಯಿತು. ನಾವು 1990ರ ದಶಕದಲ್ಲಿ 5.56ರ ನಮ್ಮದೇ ಇನ್ಸಾಸ್ ರೈಫಲಿಗೆ ಹೋದೆವು. ಎಸ್‌ಎಲ್‌ಆರ್ ಪೊಲೀಸರ ಕೈಗೆ ಇಳಿಯಿತು.

ನಿಮ್ಮ ತಂದೆಯವರಿಗೆ ಇದೊಂದನ್ನು ತಿಳಿಸಿ. 2019ರಲ್ಲಿ ಭಾರತೀಯ ಸೇನೆ ಸಿಗ್ 716 ಎಂಬ 72,400 ರೈಫಲುಗಳಿಗೆ ಒಪ್ಪಂದ ಮಾಡಿಕೊಂಡಿತು. ಅದರ ಹೊರರೂಪ, ಬೋಲ್ಟಿನ ರಚನೆ ಸ್ಟೋನರ್ ಪರಂಪರೆಯವು. ಆದರೆ ಅದಕ್ಕೆ ತುಂಬುವ ತೋಟಾ, ಅವರು ಎಸ್‌ಎಲ್‌ಆರ್‌ಗೆ ತುಂಬುತ್ತಿದ್ದ ಅದೇ 7.62×51.