ಬಲಕ್ಕೆ ಹೊರಳಿದರೆ ಮಾತ್ರ ತಿರುಗುವ ಮನೆ: ಒಂದು ಆಪ್ತಸಲಹೆ ಪ್ರಕರಣ

ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಗಿರಿಜಮ್ಮನವರಿಗೆ ಐವತ್ತು ದಾಟಿದೆ. ಗುಳೇದಗುಡ್ಡದ ಕಡೆಯವರು, ಮನೆಯಲ್ಲಿ ಖಣ ನೇಯುವ ಮಗ್ಗ ಇದೆ. ಬಾಗಲಕೋಟೆಗೆ ಸೊಸೆ ಕರೆದುಕೊಂಡು ಬಂದಿದ್ದಳು. ಮಗಳ ಮದುವೆಯ ಟೆನ್ಶನ್‌ನಿಂದ ಹೀಗಾಗಿದೆ, ಸ್ವಲ್ಪ ಧೈರ್ಯ ಹೇಳಿ ಎಂಬುದು ಮನೆಯವರ ಕೋರಿಕೆ. ಅಷ್ಟರಲ್ಲಿ ಪಿತ್ತ ಅಂತ ಔಷಧ ಕುಡಿದಾಗಿತ್ತು, ಬಿಪಿ ಲೋ ಅಂತ ಸಲಾಯಿನ್ ಹಚ್ಚಿಸಿಕೊಂಡಾಗಿತ್ತು, ಕುತ್ತಿಗೆ ಸವೆದಿದೆ ಅಂತ ಪಟ್ಟಿ ಕಟ್ಟಿಕೊಂಡದ್ದೂ ಆಗಿತ್ತು.

"ತಲಿ ತಿರಗತೈತ್ರೀ ಮೇಡಂ."

"ಹೆಂಗ್ ಆಗತೈತ್ರೀ ಅಕ್ಕಾರ?"

"ಹೆಂಗ್ ಹೇಳ್ಲಿ, ಒಂಥರಾ ಆಗತೈತಿ."

ಈ 'ಒಂಥರಾ'ದ ಬೆನ್ನು ಹತ್ತಿ ಪ್ರಯೋಜನವಿಲ್ಲ. ಇವತ್ತು ಒಂದು ಹೇಳುತ್ತಾರೆ, ನಾಳೆ ಇನ್ನೊಂದು. ಯಾವಾಗ ಬರುತ್ತದೆ, ಏನು ಮಾಡಿದಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿದರೆ ಹೆಚ್ಚಿನವರು ಸರಿಯಾಗಿಯೇ ಹೇಳುತ್ತಾರೆ. ಗಿರಿಜಮ್ಮನವರೂ ಹೇಳಿದರು.

"ಹಾಸಿಗ್ಯಾಗ ಬಲಕ್ಕ ಹೊಳ್ಳಿದ್ರ ಸಾಕ್ರೀ, ಮನಿ ಗರಗರ ತಿರಗತೈತಿ. ಮಂಚ ಗಟ್ಟಿ ಹಿಡಕೊಂಡ ಕುಂಡ್ರತೀನಿ. ಒಂದ್ ನಿಮಿಷದಾಗ ನಿಂದರತೈತಿ. ಮ್ಯಾಲಿನ ಡಬ್ಬಿ ತಗೀಲಿಕ್ಕೆ ಕತ್ತ ಎತ್ತಿದ್ರೂ ಹಂಗ."

"ಎಡಕ್ಕ ಹೊಳ್ಳಿದ್ರ?"

"ಏನೂ ಆಗಂಗಿಲ್ರೀ."

ಚಿಂತೆಗೆ ಎಡ ಬಲ ಗೊತ್ತಿರುವುದಿಲ್ಲ. ನಾನು ಮದುವೆಯ ವಿಷಯ ಎತ್ತಲೇ ಇಲ್ಲ. ಮೊದಲು ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ ಕಳಿಸಿದೆ.

ವೈದ್ಯರು ಅವರ ತಲೆಯನ್ನು ಬಲಕ್ಕೆ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಿ, ಕಣ್ಣು ನೋಡಿದರು. ಕಣ್ಣುಗುಡ್ಡೆ ಜಿಗಿಜಿಗಿ ಓಡಿತು. ಇದು ವರ್ಟಿಗೋ, ಅಂದರೆ ಸುತ್ತಲಿನದೆಲ್ಲ ತಿರುಗಿದ ಹಾಗೆ ಅನ್ನಿಸುವ ತಲೆಸುತ್ತು. ಅದರಲ್ಲೂ ತುಂಬ ಜನರಿಗೆ ಬರುವ, ಒಳಗಿವಿಯ ಬಗೆ. ಒಳಗಿವಿಯಲ್ಲಿ ಸುಣ್ಣದ ಸಣ್ಣ ಹರಳುಗಳಿರುತ್ತವೆ. ಅವು ಜಾಗ ಬಿಟ್ಟು, ತಲೆಯ ತಿರುವನ್ನು ಅಳೆಯುವ ನಾಳದೊಳಗೆ ಜಾರಿದರೆ ತೊಂದರೆ ಶುರು. ತಲೆ ನಿಂತರೂ ಅಲ್ಲಿಯ ದ್ರವ ಅಲುಗುತ್ತಿರುತ್ತದೆ. ಕಿವಿ 'ತಿರುಗುತ್ತಿದ್ದೇವೆ' ಎನ್ನುತ್ತದೆ, ಕಣ್ಣು 'ಇಲ್ಲ' ಎನ್ನುತ್ತದೆ. ಇದಕ್ಕೆ ಸಲಾಯಿನ್ ಏನೂ ಮಾಡುವುದಿಲ್ಲ. ತಲೆಯನ್ನು ಒಂದು ಕ್ರಮದಲ್ಲಿ ಹೊರಳಿಸಿ ಹರಳನ್ನು ಹಿಂದಕ್ಕೆ ಕಳಿಸಬೇಕು. ಅಮೆರಿಕದ ಕಿವಿ ವೈದ್ಯ ಜಾನ್ ಎಪ್ಲಿ ರೂಪಿಸಿದ ವಿಧಾನ ಅದು. ಕೆಲವು ನಿಮಿಷದ ಕೆಲಸ. ಗಿರಿಜಮ್ಮನವರಿಗೆ ಅದೇ ವಾರ ಮನೆ ತಿರುಗುವುದು ನಿಂತಿತು.

ಆದರೂ ತಲೆಸುತ್ತು ಪೂರ್ತಿ ಹೋಗಲಿಲ್ಲ. ಸುಳಿವು ಕೊಟ್ಟವಳು ಸೊಸೆ. "ಅತ್ತೀ, ಸೋಮಾರ ಆಗೂದು ಹೇಳ್ರಿ," ಅಂದಳು.

ಸೋಮವಾರ ಉಪವಾಸ. ಬರೀ ಚಹಾ. ಅದರ ಮೇಲೆ ಬಿಪಿ ಗುಳಿಗೆ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಹೊತ್ತುಗಟ್ಟಲೆ ಕುಳಿತವರು ಥಟ್ಟನೆ ಎದ್ದರೆ ಕಣ್ಣಿಗೆ ಕತ್ತಲೆ. ಇಲ್ಲಿ ಏನೂ ತಿರುಗುವುದಿಲ್ಲ. ಬಿದ್ದೇಬಿಡುತ್ತೇನೆ ಅನ್ನಿಸುತ್ತದೆ, ಕೂತರೆ ಸರಿಹೋಗುತ್ತದೆ. ಇದು ಬೇರೆಯದೇ. ಕಿವಿಗೆ ಸಂಬಂಧವಿಲ್ಲ, ಮಿದುಳಿಗೆ ಆ ಕ್ಷಣ ರಕ್ತ ಸಾಲುವುದಿಲ್ಲ. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಬೇಕು. ನಿಂತ 3 ನಿಮಿಷದೊಳಗೆ ಮೇಲಿನ ಅಂಕೆ 20 ಅಥವಾ ಕೆಳಗಿನದು 10 ಇಳಿದರೆ ಅದು ಲೆಕ್ಕಕ್ಕೆ ಬರುವ ಇಳಿತ. ಕೂತೇ ಬಿಪಿ ನೋಡಿ 'ಎಲ್ಲ ನಾರ್ಮಲ್' ಅಂದರೆ ಇದು ಸಿಗುವುದಿಲ್ಲ, ಅಲ್ವಾ? ಗಿರಿಜಮ್ಮನವರಿಗೆ ನಿಲ್ಲಿಸಿ ನೋಡಿದಾಗಲೇ ಸಿಕ್ಕಿತು. ವೈದ್ಯರು ಗುಳಿಗೆಯ ಪ್ರಮಾಣ ಬದಲಿಸಿದರು. ಉಪವಾಸ ಬಿಡಿ ಅಂತ ನಾನು ಹೇಳಲಿಲ್ಲ, ಅವರು ಬಿಡುವವರೂ ಅಲ್ಲ. ಮಜ್ಜಿಗೆ, ಹಣ್ಣು, ಸಾಕಷ್ಟು ನೀರು, ಏಳುವ ಮೊದಲು ಕಾಲು ಆಡಿಸಿ ಒಂದು ನಿಮಿಷ ಅಂಚಿನಲ್ಲಿ ಕೂರುವುದು, ಇಷ್ಟಕ್ಕೆ ಒಪ್ಪಿದರು. ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಕೂಡದು ಅಂತ ಮಾತ್ರ ಒತ್ತಿ ಹೇಳಿದೆ.

ನನ್ನ ನಿಜವಾದ ಕೆಲಸ ಶುರುವಾದದ್ದು ಇದೆಲ್ಲ ಆದ ಮೇಲೆ. ಮನೆ ತಿರುಗುವುದು ನಿಂತರೂ ಅವರು ಮೂರು ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ಬಲಕ್ಕೆ ಹೊರಳುತ್ತಿರಲಿಲ್ಲ. ಕತ್ತು ಬಿಗಿಹಿಡಿದು ಇಡೀ ಮೈ ತಿರುಗಿಸಿ ಮಾತಾಡುತ್ತಿದ್ದರು. ಬನಶಂಕರಿ ಜಾತ್ರೆಗೆ ಬರುವುದಿಲ್ಲ ಅಂದುಬಿಟ್ಟಿದ್ದರು. ತಲೆ ಅಲುಗಿಸದೆ ಇದ್ದರೆ ಮಿದುಳಿಗೆ ಮತ್ತೆ ಸಮತೋಲ ಕಲಿಯಲು ಅವಕಾಶವೇ ಸಿಗುವುದಿಲ್ಲ. ಕೆಲವರಿಗೆ ತಿಂಗಳುಗಟ್ಟಲೆ ತೇಲಿದ ಹಾಗೆ ಅನ್ನಿಸುವುದು ಹೀಗೇ ಉಳಿದುಬಿಡುತ್ತದೆ. ತಲೆಸುತ್ತಿನ ಗುಳಿಗೆಯನ್ನು ಸುಮ್ನೆ ತಿಂಗಳುಗಟ್ಟಲೆ ನುಂಗಿದರೂ ಈ ಕಲಿಕೆ ನಿಧಾನವಾಗುತ್ತದೆ. ವೈದ್ಯರನ್ನು ಕೇಳಿ ಅದನ್ನು ಬಿಡಿಸಿದೆವು.

ವಾರಕ್ಕೆ ಒಂದು ದಿಂಬು ತೆಗೆಯಿರಿ ಅಂದೆ. ಹಗಲು ಹೊತ್ತು, ಸೊಸೆ ಕೋಣೆಯಲ್ಲಿದ್ದಾಗ, ಬಲಕ್ಕೆ ಮೆಲ್ಲಗೆ ಹೊರಳಿ ಹತ್ತು ಉಸಿರು ಇರಿ. ಹೆದರಿಕೆ ಬರುತ್ತದೆ, ಬರಲಿ. ಆಗ ಜೋರಾಗಿ ಉಸಿರೆಳೆದರೆ ತಲೆ ಹಗುರಾಗಿ, ಬೆರಳು ಜುಮುಜುಮು ಅನ್ನುತ್ತದೆ. ಆ ತಲೆಸುತ್ತು ಉಸಿರಿನದು, ಕಿವಿಯದಲ್ಲ. ನಿಧಾನವಾಗಿ ಉಸಿರು ಬಿಡುವುದನ್ನು ಇಲ್ಲೇ ಕೂರಿಸಿ ಕಲಿಸಿದೆ. ಆಮೇಲೆ ಮೇಲಿನ ಡಬ್ಬಿ, ಆಮೇಲೆ ಸಂತೆ.

ಮನೆಯವರಿಗೆ ಬೇರೆ ಮಾತು. ಹೆಜ್ಜೆಹೆಜ್ಜೆಗೂ ಕೈ ಹಿಡಿಯಬೇಡಿ. 'ಎಲ್ಲಾ ನಿನ್ನ ಮನಸಿನ್ಯಾಗ ಐತಿ' ಅನ್ನುವುದನ್ನು ಬಿಡಿ. ಗಂಡನಿಗೆ ಈ ಎರಡನೆಯದು ಕಷ್ಟವಾಯಿತು.

ಎಪ್ಲಿ ಕ್ರಮವನ್ನು ಮೊಬೈಲ್ ನೋಡಿ ನಾವೇ ಮಾಡಬಹುದಾ ಎಂದು ಸೊಸೆ ಕೇಳಿದಳು. ಯಾವ ಕಿವಿ ಎಂದು ತಿಳಿಯದೆ ಮಾಡಿದರೆ ಫಲವಿಲ್ಲ, ಕತ್ತಿನ ತೊಂದರೆ ಇದ್ದವರಿಗೆ ಅಪಾಯವೂ ಹೌದು. ವೈದ್ಯರೇ ತೋರಿಸಿಕೊಟ್ಟರೆ ಮಾಡಿ ಅಂದೆ.

ಇನ್ನೊಂದು ಚೀಟಿ ಬರೆದು ಕೊಟ್ಟೆ, ಅಡುಗೆಮನೆಯಲ್ಲಿ ಅಂಟಿಸಲು. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಬಾಯಿ ಸೊಟ್ಟಾದರೆ, ಒಂದು ಕೈ ಅಥವಾ ಕಾಲು ಸೋತರೆ, ಒಂದು ಎರಡಾಗಿ ಕಂಡರೆ, ಹಿಂದೆಂದೂ ಇಲ್ಲದ ತಲೆನೋವು ಬಂದರೆ, ಆಸರೆಯಿಲ್ಲದೆ ನಿಲ್ಲಲಾಗದಿದ್ದರೆ 108ಕ್ಕೆ ಫೋನ್ ಮಾಡಿ. ಅದು ಪಾರ್ಶ್ವವಾಯು ಇರಬಹುದು. ಕಾಯಬೇಡಿ, ನಿಂಬೆಹಣ್ಣು ಇಳಿ ತೆಗೆಯುತ್ತ ಕೂರಬೇಡಿ. ಕಿವಿ ಗುಂಯ್ ಅಂದು, ಕೇಳಿಸುವುದು ಕಡಿಮೆಯಾಗಿ, ತಾಸುಗಟ್ಟಲೆ ತಿರುಗಿದರೆ ಅದು ಮತ್ತೊಂದು ಕಾಯಿಲೆ. ಕಿವಿ ವೈದ್ಯರಿಗೇ ತೋರಿಸಿ.

ಹರಳು ಮತ್ತೆ ಜಾರಬಹುದು ಎಂದೂ ಮೊದಲೇ ಹೇಳಿಟ್ಟಿದ್ದೆ. ಮಳೆಗಾಲದಲ್ಲಿ ಜಾರಿತು. ಈ ಸಲ ಗಿರಿಜಮ್ಮ ಸಲಾಯಿನ್‌ಗೆ ಹೋಗಲಿಲ್ಲ, ನೇರವಾಗಿ ಕಿವಿ ವೈದ್ಯರ ಹತ್ತಿರ ಹೋಗಿ "ಬಲಕ್ಕರೀ, ಒಂದ್ ನಿಮಿಷ" ಅಂದರಂತೆ.